ಪತ್ರಾಸ್ ಮನೆಯಿಂದ ಶುರು ಮಾಡಿ: ಓಣಿಗೊಂದು ಬೇಸಿಗೆ ಯೋಜನೆ ಮಾಡುವ ಬಗೆ

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿ ಕಡೆ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳು, ಜೊತೆಗೆ ವಿಜಯಪುರ, ಬಾಗಲಕೋಟೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆಗೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತಾರೆ. ಒಳ್ಳೆಯ ಪದ್ಧತಿ, ನನಗೇನೂ ತಕರಾರಿಲ್ಲ. ಆದರೆ ಕಾಂಪೌಂಡಿನ ಆಚೆ ಕಲ್ಲಂಗಡಿ ಗಾಡಿ ಹಚ್ಚಿರುವ ಅಣ್ಣನಿಗೆ 1.30ಕ್ಕೆ ವ್ಯಾಪಾರ ಈಗಷ್ಟೇ ಕುದುರಿರುತ್ತದೆ. ಎದುರಿನ ಕಟ್ಟಡದಲ್ಲಿ ಬುಟ್ಟಿ ಹೊರುವ ಹೆಂಗಸರಿಗೆ ಇನ್ನೂ ಅರ್ಧ ದಿನ ಬಾಕಿ. ಅವರ ವೇಳೆ ಬದಲಿಸುವ ಆದೇಶ ಯಾವ ಕಚೇರಿಯಿಂದಲೂ ಬರುವುದಿಲ್ಲ.

ಬೇಸಿಗೆಯಲ್ಲಿ ಪೇಪರ್ ತೆರೆದರೆ ಸಲಹೆಗಳಿಗೆ ಬರವಿಲ್ಲ. ನೀರು ಜಾಸ್ತಿ ಕುಡಿಯಿರಿ, 12ರಿಂದ 4ರವರೆಗೆ ಹೊರಗೆ ಹೋಗಬೇಡಿ, ತಂಪಾದ ಕೋಣೆಯಲ್ಲಿರಿ. ನೀರು ಮೂರು ದಿನಕ್ಕೊಮ್ಮೆ ಬರುವ, ಹೊರಗೆ ಹೋಗದಿದ್ದರೆ ಒಲೆ ಹತ್ತದ, ಮನೆಯೇ ಒಲೆಯಂತಿರುವ ಜನಕ್ಕೆ ಈ ಮೂರೂ ಸಲಹೆ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಇದು ಒಬ್ಬೊಬ್ಬರು ಪಾಲಿಸುವ ಸಲಹೆಗಳ ಪಟ್ಟಿ ಅಲ್ಲ. ಐವತ್ತು ನೂರು ಮನೆಗಳ ಒಂದು ಓಣಿ ಸೇರಿ ಫೆಬ್ರವರಿಯಿಂದ ಜೂನ್ ತನಕ ಏನು ಮಾಡಬಹುದು ಅನ್ನುವುದರ ಲೆಕ್ಕ. ಯುವಕ ಸಂಘ, ಸ್ವಸಹಾಯ ಗುಂಪು, ನಿವೃತ್ತ ಮಾಸ್ತರರು, ಯಾರು ಬೇಕಾದರೂ ಶುರು ಮಾಡಬಹುದು. ಐದಾರು ಜನ, ಒಂದು ನೂರು ಹಾಳೆಯ ನೋಟ್‌ಬುಕ್ ಸಾಕು.

ಮೊದಲು ಅಹಮದಾಬಾದಿನ ಒಂದು ಕಥೆ ಹೇಳಿಬಿಡುತ್ತೇನೆ. 2010ರ ಮೇ ತಿಂಗಳಲ್ಲಿ ಅಲ್ಲಿ ಬಿಸಿಲು 46.8 ಡಿಗ್ರಿ ಮುಟ್ಟಿತು. ಆ ಒಂದೇ ತಿಂಗಳಲ್ಲಿ ಉಳಿದ ವರ್ಷಗಳ ಮೇಗಿಂತ 1,344 ಸಾವು ಜಾಸ್ತಿಯಾಗಿದ್ದವು ಎಂದು ಆಮೇಲೆ ಲೆಕ್ಕ ಸಿಕ್ಕಿತು. ಅಲ್ಲಿನ ಶಾರದಾಬೆನ್ ಆಸ್ಪತ್ರೆಯಲ್ಲಿ ಬಾಣಂತಿಯರ ವಾರ್ಡ್ ಮೇಲಿನ ಮಹಡಿಯಲ್ಲಿತ್ತು. ತಾರಸಿಯ ಕೆಳಗೇ ಎಳೆಕೂಸುಗಳು. ಬಿಸಿಲಿಗೆ ಮೈ ಕಾದು ತೀವ್ರ ನಿಗಾ ಘಟಕ ಸೇರುವ ಕೂಸುಗಳು ಜಾಸ್ತಿಯಾದದ್ದನ್ನು ವೈದ್ಯರು ಗಮನಿಸಿದರು. ವಾರ್ಡನ್ನು ಕೆಳಗಿನ ಮಹಡಿಗೆ ಇಳಿಸಿದರು. ಅಂಥ ಕೇಸುಗಳು ಇಳಿದವು. ಹೊಸ ಮಷಿನ್ ಇಲ್ಲ, ಹೊಸ ಔಷಧಿ ಇಲ್ಲ, ತಲೆಯ ಮೇಲಿನ ಸೂರು ಬದಲಾಯಿತು ಅಷ್ಟೆ. 2013ರಲ್ಲಿ ಅಹಮದಾಬಾದ್ ನಗರಪಾಲಿಕೆ ಬಿಸಿಲಿಗೆಂದೇ ಒಂದು ಯೋಜನೆ ಮಾಡಿತು. ದಕ್ಷಿಣ ಏಷ್ಯಾದಲ್ಲೇ ಅದು ಮೊದಲನೆಯದು. ಓಣಿ ಮಟ್ಟಕ್ಕೆ ಅದನ್ನು ಇಳಿಸುವಾಗಲೂ ನಾನು ಸೂರಿನಿಂದಲೇ ಶುರು ಮಾಡುತ್ತೇನೆ.

ಹಂತ 1: ಫೆಬ್ರವರಿ. ಸೂರು ಎಣಿಸಿ

ನೋಟ್‌ಬುಕ್ ಹಿಡಿದು ಮನೆಮನೆಗೆ ಹೋಗಿ. ಸಂಜೆ ಹೋಗಿ, ಹಗಲು ದುಡಿಯುವವರು ಸಿಗುವುದಿಲ್ಲ. ಒಂದು ಮನೆಗೆ ಒಂದು ಸಾಲು. ಬರೆಯಬೇಕಾದ್ದು ಇಷ್ಟು: ಸೂರು ಯಾವುದು (ಪತ್ರಾಸ್ ಅಂದರೆ ತಗಡು, ಸಿಮೆಂಟ್ ಶೀಟ್, ಆರ್‌ಸಿಸಿ, ಶಹಾಬಾದ್ ಕಲ್ಲು, ಮಣ್ಣಿನ ಮಾಳಿಗೆ), ಒಳಗೆ ಎಷ್ಟು ಜನ ಮಲಗುತ್ತಾರೆ, ಕಿಟಕಿ ಇದೆಯಾ, ಫ್ಯಾನ್ ಓಡುತ್ತದಾ, ನಳದ ನೀರು ಎಷ್ಟು ದಿನಕ್ಕೊಮ್ಮೆ, ಸ್ವಂತದ್ದಾ ಬಾಡಿಗೆಯಾ.

ಆಮೇಲೆ ಜನ. ಒಬ್ಬರೇ ಇರುವ ಮುದುಕರು, ಬಸುರಿ, ಬಾಣಂತಿ, ವರ್ಷ ತುಂಬದ ಕೂಸು, ಹಾಸಿಗೆ ಹಿಡಿದವರು, ದಿನಾ ಕುಡಿಯುವವರು. ಬಿಪಿಗೆ, ಹೃದಯಕ್ಕೆ ನೀರಿನ ಮಾತ್ರೆ ತೆಗೆದುಕೊಳ್ಳುವವರನ್ನು ಬೇರೆ ಗುರುತು ಹಾಕಿ. ಮೂತ್ರ ಜಾಸ್ತಿ ಹೋಗುವ ಆ ಮಾತ್ರೆಯಿಂದ ಬೇಸಿಗೆಯಲ್ಲಿ ಮೈ ಬೇಗ ಒಣಗುತ್ತದೆ. ಮನೋರೋಗದ ಕೆಲವು ಮಾತ್ರೆಗಳು ಬೆವರನ್ನೇ ತಡೆಯುತ್ತವೆ. ಮಾತ್ರೆ ಬಿಡಿ ಅಂತ ನೀವು ಹೇಳಬೇಡಿ, ಅದು ವೈದ್ಯರ ಕೆಲಸ. ಬೇಸಿಗೆಗೆ ಮುಂಚೆ ಒಮ್ಮೆ ತೋರಿಸಿಕೊಂಡು ಬನ್ನಿ ಅಂತ ಹೇಳಿ.

ಮೂರನೆಯದು ಕೆಲಸ. ಎಲ್ಲಿ, ಎಷ್ಟು ಹೊತ್ತು, ದಿನಗೂಲಿಯಾ ಗುತ್ತಿಗೆಯಾ. ಕೊನೆಗೆ ಒಂದು ಪ್ರಶ್ನೆ, ಇದನ್ನು ಹೆಂಗಸರನ್ನು ಹೆಂಗಸರೇ ಕೇಳಬೇಕು: ಕೆಲಸದ ಜಾಗದಲ್ಲಿ ಶೌಚಾಲಯ ಇದೆಯಾ? ಇಲ್ಲ ಅಂದರೆ ಆ ತಾಯಿ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ ಅಂತಲೇ ತಿಳಿದುಕೊಳ್ಳಿ. ಬಾಟಲಿ ಕೊಟ್ಟರೂ ಕುಡಿಯುವುದಿಲ್ಲ. ಮಾರ್ಕೆಟಿನಲ್ಲಿ ಸೊಪ್ಪು ಮಾರುವವರು, ರಸ್ತೆ ಗುಡಿಸುವವರು, ಕಟ್ಟಡ ಕೆಲಸದವರು, ಎಲ್ಲರದೂ ಇದೇ ಪಾಡು. ನೀರಿನ ಸಮಸ್ಯೆ ಅಂದುಕೊಂಡದ್ದು ಎಷ್ಟೋ ಸಲ ಶೌಚಾಲಯದ ಸಮಸ್ಯೆ.

ಒಂದು ಕಿವಿಮಾತು. "ಬಿಸಿಲಿನಿಂದ ತೊಂದರೆ ಆಗುತ್ತಾ?" ಅಂತ ಕೇಳಬೇಡಿ. "ನಮಗೇನ್ ಬಿಸಿಲ ಹೊಸದೇನ್ರಿ?" ಅಂತ ನಕ್ಕು ಕಳಿಸುತ್ತಾರೆ. "ಹೋದ ಬೇಸಿಗೆಯಲ್ಲಿ ರಾತ್ರಿ ಎಷ್ಟಕ್ಕೆ ನಿದ್ದೆ ಹತ್ತುತ್ತಿತ್ತು?" ಅಂತ ಕೇಳಿ ನೋಡಿ. ಆಗ ಮಾತು ನಿಲ್ಲುವುದಿಲ್ಲ. ಆಧಾರ್ ನಂಬರ್, ರೇಷನ್ ಕಾರ್ಡ್ ಯಾವುದನ್ನೂ ಕೇಳಬೇಡಿ. ಕೇಳಿದ ಕೂಡಲೇ ಇದು ಸರ್ಕಾರದ ಸರ್ವೆ ಅಂತಾಗಿ ಅರ್ಧ ಜನ ಸುಳ್ಳು ಹೇಳುತ್ತಾರೆ, ಇನ್ನರ್ಧ ಜನ ಮನೆ ಮಂಜೂರಾಯಿತಾ ಅಂತ ಕೇಳುತ್ತಾರೆ.

ಹಂತ 2: ನಿಮ್ಮದೇ ಡಿಗ್ರಿ ಅಳೆಯಿರಿ

ಟಿವಿಯಲ್ಲಿ ಬರುವ ಡಿಗ್ರಿ ಎಲ್ಲಿಯದು ಗೊತ್ತಾ? ಹವಾಮಾನ ಇಲಾಖೆಯ ಅಂಗಳದಲ್ಲಿ, ಗಾಳಿಯಾಡುವ ಬಿಳಿ ಮರದ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಅಳೆದದ್ದು. ಹೋಲಿಸಿ ನೋಡಲು ಹಾಗೇ ಅಳೆಯಬೇಕು, ಸರಿ. ಆದರೆ ಯಾರೂ ಆ ಪೆಟ್ಟಿಗೆಯಲ್ಲಿ ವಾಸ ಮಾಡುವುದಿಲ್ಲ.

ಇನ್ನೊಂದು ತೊಡಕಿದೆ. ಇಲಾಖೆಯ ಲೆಕ್ಕದಲ್ಲಿ ಬಯಲುಸೀಮೆಯಲ್ಲಿ ಬಿಸಿಗಾಳಿ ಅನ್ನಬೇಕಾದರೆ ಕನಿಷ್ಠ 40 ಡಿಗ್ರಿ ಆಗಿರಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಜಾಸ್ತಿ ಇರಬೇಕು. ಇಲ್ಲವೇ ನೇರವಾಗಿ 45 ಮುಟ್ಟಬೇಕು. ಕರಾವಳಿಗೆ ಕೆಳಮಿತಿ 37. ನಮ್ಮ ಕಲಬುರಗಿ, ರಾಯಚೂರಿನಲ್ಲಿ ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು. ಹಾಗಾಗಿ 42, 43 ಇರುವ ವಾರಗಟ್ಟಲೆ ದಿನಗಳು ಕಾಗದದ ಮೇಲೆ "ಬಿಸಿಗಾಳಿ" ಆಗದೇ ಹೋಗಬಹುದು. ವಾಡಿಕೆ ಅಂದಮಾತ್ರಕ್ಕೆ ಪತ್ರಾಸಿನ ಕೆಳಗೆ ಮಲಗಿದವರ ಮೈ ಕಡಿಮೆ ಕಾಯುತ್ತದಾ? ಅಹಮದಾಬಾದಿನವರು ತಮ್ಮ ಊರಿನ ಸಾವಿನ ಲೆಕ್ಕ ನೋಡಿ ತಮ್ಮದೇ ಗೆರೆ ಹಾಕಿಕೊಂಡರು. 43 ದಾಟಿದರೆ ಕಿತ್ತಳೆ, 45 ಮುಟ್ಟಿದರೆ ಕೆಂಪು. ಓಣಿಗೂ ಒಂದು ಗೆರೆ ಬೇಕು.

ಗೋಡೆಗೆ ಹಾಕುವ ಡಿಜಿಟಲ್ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಗಾಳಿಯ ತೇವವನ್ನೂ ತೋರಿಸುವುದನ್ನೇ ತನ್ನಿ. ಮೂರು ಸಾಕು: ಒಂದು ಪತ್ರಾಸ್ ಮನೆಗೆ, ಒಂದು ಆರ್‌ಸಿಸಿ ಮನೆಯ ಮೇಲಿನ ಮಹಡಿಗೆ, ಒಂದು ಹಳೆಯ ಮಣ್ಣಿನ ಮಾಳಿಗೆ ಮನೆಗೆ. ಮನುಷ್ಯ ಮಲಗುವ ಎತ್ತರದಲ್ಲಿ, ಬಿಸಿಲು ಬೀಳದ ಕಡೆ, ಗೋಡೆಯಿಂದ ಸ್ವಲ್ಪ ದೂರ ಇಡಿ. ಮಧ್ಯಾಹ್ನ 3, ರಾತ್ರಿ 10, ಬೆಳಗಿನ 5, ಈ ಮೂರು ಹೊತ್ತು ಬರೆಯಿರಿ. ಆ ಮನೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿ ಇದ್ದರೆ ಅವಳಿಗೇ ಈ ಕೆಲಸ ಒಪ್ಪಿಸಿ, ಒಂದು ದಿನವೂ ತಪ್ಪುವುದಿಲ್ಲ.

ಮೂರರಲ್ಲಿ ನನ್ನ ಕಣ್ಣು ರಾತ್ರಿ 10ರ ಮೇಲೆ. ಹಗಲು ಕಾದ ಮೈಗೆ ರಾತ್ರಿ ತಣ್ಣಗಾಗಲು ಬಿಡುವು ಸಿಗದಿದ್ದರೆ ಮರುದಿನ ಹೃದಯದ ಮೇಲೆ ಭಾರ ಬೀಳುತ್ತದೆ. ನನ್ನ ಸಲಹೆ ಇದು: ರಾತ್ರಿ 10ಕ್ಕೆ ಒಳಗೆ 35ಕ್ಕಿಂತ ಜಾಸ್ತಿ ಇದ್ದರೆ, ಟಿವಿ ಏನೇ ಹೇಳಲಿ, ಮರುದಿನ ಆ ಮನೆಗೆ ಕೆಂಪು ದಿನ. ಮಂಗಳೂರು, ಕಾರವಾರದ ಕಡೆಯವರು ಗೆರೆಯನ್ನು ಇನ್ನೂ ಕೆಳಗೆ ಹಾಕಿಕೊಳ್ಳಿ. ಅಲ್ಲಿ ಗಾಳಿಯಲ್ಲೇ ನೀರಿರುತ್ತದೆ, ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಬೆಂಗಳೂರಿನವರಿಗೂ ಇದು ಬೇಡದ ಮಾತೇನಲ್ಲ. 2016ರ ಏಪ್ರಿಲ್‌ನಲ್ಲಿ ಅಲ್ಲಿ 39.2 ಡಿಗ್ರಿ ಆಗಿತ್ತು, 2024ರ ಏಪ್ರಿಲ್‌ನಲ್ಲಿ 38.5.

ಹಂತ 3: ಮಾರ್ಚ್. ಸೂರಿಗೆ ಸುಣ್ಣ

ಸಮಯ, ದುಡ್ಡು ಎರಡೂ ಕಮ್ಮಿ ಇದ್ದರೆ ಉಳಿದ ಹಂತ ಬಿಟ್ಟು ಇದೊಂದನ್ನಾದರೂ ಮಾಡಿ.

ಹಳೆಯ ಮಾಳಿಗೆ ಮನೆಗಳಲ್ಲಿ ಗೇಣುಗಟ್ಟಲೆ ಮಣ್ಣು ಇರುತ್ತಿತ್ತು. ಬಿಸಿಲು ಆ ಮಣ್ಣು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆ. ತಗಡು ದಪ್ಪದಲ್ಲಿ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಕಾದ ತಗಡು ಕೆಳಗೆ ಕೂತವರ ನೆತ್ತಿಗೆ ಝಳ ಬಿಡುತ್ತಲೇ ಇರುತ್ತದೆ, ಒಲೆಯ ಮುಂದೆ ಕೂತ ಹಾಗೆ. ಬಿಳಿ ಬಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ವಾಪಸ್ ಹೋಗುತ್ತದೆ. ಮನೆಯೊಳಗೆ 2ರಿಂದ 5 ಡಿಗ್ರಿ ಇಳಿಯುತ್ತದೆ. ಕೇಳಲು ಸಣ್ಣದು. ರಾತ್ರಿ ನಿದ್ದೆ ಬರುವುದಕ್ಕೂ ಬರದಿರುವುದಕ್ಕೂ ಅಷ್ಟೇ ವ್ಯತ್ಯಾಸ ಸಾಕು.

ಆರ್‌ಸಿಸಿ, ಕಲ್ಲಿನ ಸೂರಿಗೆ ಸುಣ್ಣವೇ ಅಗ್ಗ. ಹಿಂದಿನ ದಿನವೇ ಸುಣ್ಣದ ಕಲ್ಲನ್ನು ಅಗಲ ಬಾಯಿಯ ಡ್ರಮ್ಮಿನಲ್ಲಿ ನೀರಿಗೆ ಹಾಕಿ ಅರಳಿಸಿ. ಕುದಿದು ಸಿಡಿಯುತ್ತದೆ, ಹುಷಾರು. ಮಕ್ಕಳು ಹತ್ತಿರ ಸುಳಿಯಬಾರದು, ಕಣ್ಣಿಗೆ ಕನ್ನಡಕ ಇರಲಿ, ಪ್ಲಾಸ್ಟಿಕ್ ಬಕೆಟ್ ಬೇಡ. ಸಿಡಿದದ್ದು ಕಣ್ಣಿಗೆ ಬಿದ್ದರೆ ಬಹಳ ಹೊತ್ತು ನೀರಲ್ಲಿ ತೊಳೆದು ಸೀದಾ ಆಸ್ಪತ್ರೆಗೆ ಹೋಗಿ. ಮರುದಿನ ಸೋಸಿ ಹಾಲಿನ ಹದಕ್ಕೆ ತಂದು, ಹಿಡಿತಕ್ಕೆ ಸ್ವಲ್ಪ ಅಂಟು ಬೆರೆಸಿ. ಸೂರನ್ನು ಗುಡಿಸಿ ತೊಳೆದು, ಬೆಳಗಿನ ತಂಪಿನಲ್ಲಿ ಒಂದು ಕೋಟ್, ಒಣಗಿದ ಮೇಲೆ ಅಡ್ಡಡ್ಡಕ್ಕೆ ಇನ್ನೊಂದು.

ಪತ್ರಾಸಿನ ಮೇಲೆ ಸುಣ್ಣ ನಿಲ್ಲುವುದು ಕಷ್ಟ, ಗಾಳಿಗೇ ಉದುರುತ್ತದೆ. ದುಡ್ಡು ಕೂಡಿದರೆ ಅಂಗಡಿಯಲ್ಲಿ ಸಿಗುವ, ಬಿಸಿಲು ತಿರುಗಿಸುವ ಬಿಳಿ ಪೇಂಟ್ ತನ್ನಿ. ಕೂಡದಿದ್ದರೆ ತಗಡಿನ ಮೇಲೆ ನೆರಳು ಕಟ್ಟಿ: ಹಸಿರು ನೆಟ್, ಹಳೆಯ ಗೋಣಿಚೀಲ, ಏನಾದರೂ ಸರಿ. ತಗಡಿಗೂ ನೆರಳಿಗೂ ನಡುವೆ ಒಂದು ಗೇಣು ಸಂದು ಬಿಡಿ, ಗಾಳಿ ಆಡಬೇಕು. ತೊಗರಿ ಕಟ್ಟಿಗೆ, ಜೋಳದ ದಂಟು ನಮ್ಮ ಕಡೆ ಸುಲಭವಾಗಿ ಸಿಗುತ್ತವೆ. ಆದರೆ ಒಲೆಯ ಕಿಡಿ ಬಿದ್ದರೆ ಓಣಿಯೇ ಹೋಗುತ್ತದೆ, ಅಡುಗೆ ಮಾಡುವ ಜಾಗದ ಮೇಲೆ ಮಾತ್ರ ಬೇಡವೇ ಬೇಡ. ಏನೂ ಆಗದಿದ್ದರೆ ಒಳಗಿನಿಂದ ತಗಡಿನ ಕೆಳಗೆ ಹಳೆಯ ಸೀರೆ ಬಿಗಿದು ಕಟ್ಟಿ. ಝಳ ನೇರ ನೆತ್ತಿಗೆ ಬಡಿಯುವುದಾದರೂ ತಪ್ಪುತ್ತದೆ.

ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ: ಸಿಮೆಂಟ್ ಶೀಟಿನ ಮೇಲೆ ಕಾಲಿಡಬೇಡಿ. ಒಡೆದು ಕೆಳಗೆ ಬಿದ್ದು ಜೀವ ಹೋಗುತ್ತದೆ. ಏಣಿಯ ಮೇಲೆ ನಿಂತು ಉದ್ದ ಕೋಲಿನ ರೋಲರ್‌ನಿಂದ ಬಳಿಯಿರಿ. ಹಳೆಯ ಶೀಟನ್ನು ಉಜ್ಜುವುದು, ಕೊರೆಯುವುದು ಬೇಡ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಆ ಧೂಳು ಶ್ವಾಸಕೋಶಕ್ಕೆ ವಿಷ.

ಬಾಡಿಗೆ ಮನೆಗಳದ್ದೇ ತಲೆನೋವು. ಬಾಡಿಗೆಯವರು ಬಳಿದರೆ ಮಾಲೀಕರು "ನನ್ನ ಮನೆ ಮುಟ್ಟಿದ್ದು ಯಾಕೆ" ಅನ್ನಬಹುದು. ಸುಮ್ಮನಿದ್ದರೆ ಮುಂದಿನ ವರ್ಷ "ತಂಪು ಮನೆ" ಅಂತ ಬಾಡಿಗೆ ಏರಿಸಬಹುದು. ಬಾಡಿಗೆಯವರನ್ನು ಒಬ್ಬೊಬ್ಬರನ್ನಾಗಿ ಕಳಿಸಬೇಡಿ. ಓಣಿಯ ಹಿರಿಯರು ಇಬ್ಬರು ಹೋಗಿ, "ಸುಣ್ಣ ನಮ್ಮದು, ಕೆಲಸ ನಮ್ಮದು, ಈ ವರ್ಷ ಬಾಡಿಗೆ ಮುಟ್ಟಬ್ಯಾಡ್ರಿ" ಅಂತ ಮಾತು ತೆಗೆದುಕೊಳ್ಳಿ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಸೂರಿಗೆಂದೇ ನೀತಿ ತಂದಿದೆ. ಸರ್ಕಾರಿ, ವಾಣಿಜ್ಯ ಕಟ್ಟಡಗಳಿಗೆ, ದೊಡ್ಡ ಸೈಟಿನ ಮನೆಗಳಿಗೆ ಕಡ್ಡಾಯ. ಸಣ್ಣ ಮನೆಗಳಿಗೆ ಐಚ್ಛಿಕ. ಬಡವರ ಮೇಲೆ ಖರ್ಚು ಹೇರಬಾರದು ಅನ್ನುವುದು ಸರಿ. ಹಾಗಂತ ಯಾರ ಸೂರು ಹೆಚ್ಚು ಕಾಯುತ್ತದೋ ಅವರದೇ ಪಟ್ಟಿಯ ಕೊನೆಗೆ ಬಂದರೆ ಹೇಗೆ?

ಹಂತ 4: ಅರವಟ್ಟಿಗೆ, ನೆರಳು

ಅರವಟ್ಟಿಗೆ ನಮಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ. ಮಠ, ಗುಡಿ, ದರ್ಗಾ, ಸಾಹುಕಾರರ ಅಂಗಡಿ, ಎಲ್ಲರೂ ಇಡುತ್ತಾರೆ. ಸಾಮಾನ್ಯವಾಗಿ ಎಲ್ಲಿ ಬ್ಯಾನರ್ ಚೆನ್ನಾಗಿ ಕಾಣುತ್ತದೋ ಅಲ್ಲಿ. ನೀವು ನೋಟ್‌ಬುಕ್ ನೋಡಿ ಜಾಗ ಆರಿಸಿ: ಕೂಲಿಯವರು ಬೆಳಿಗ್ಗೆ ಸೇರುವ ಚೌಕ, ಆಟೋ ಸ್ಟ್ಯಾಂಡ್, ಚಿಂದಿ ಆಯುವವರು ಮೂಟೆ ಇಳಿಸುವ ಕಡೆ. ಹತ್ತಿರ ಶೌಚಾಲಯ ಇರುವ ಜಾಗ ಸಿಕ್ಕರೆ ಅದಕ್ಕೇ ಮೊದಲ ಮಣೆ. ಸುಲಭ್ ಶೌಚಾಲಯದವರ ಜೊತೆ ಮಾತಾಡಿ ವ್ಯಾಪಾರದ ಹೆಣ್ಣುಮಕ್ಕಳಿಗೆ ತಿಂಗಳ ಲೆಕ್ಕದಲ್ಲಿ ಪಾಸ್ ಮಾಡಿಸಲು ನೋಡಿ. ಎರಡು ಹರವಿ ಜಾಸ್ತಿ ಇಡುವುದಕ್ಕಿಂತ ಇದರ ಲಾಭ ದೊಡ್ಡದು.

ಹರವಿಗೆ ನಲ್ಲಿ ಇರುವುದನ್ನೇ ತನ್ನಿ. ಕೈ ಅದ್ದುವುದು ತಪ್ಪುತ್ತದೆ, ನೀರು ಚೊಕ್ಕ ಇರುತ್ತದೆ. ಇನ್ನೊಂದು ಕಾರಣವೂ ಇದೆ, ಮುಚ್ಚಿಡುವುದೇಕೆ. ಮೇಲಿನಿಂದ ನೀರು ಹೊಯ್ದು ಬೊಗಸೆಯಲ್ಲಿ ಕುಡಿಸಿದ ಕಾಲ ನೆನಪಿರುವ ಜನ ಇನ್ನೂ ಇದ್ದಾರೆ. ಇನ್ನೊಬ್ಬರು ಹೊಯ್ಯಲಿ ಅಂತ ಯಾರೂ ಕಾಯುವ ಹಾಗಿರಬಾರದು. ನಲ್ಲಿ ತಿರುಗಿಸಿ ತಾವೇ ಕುಡಿಯಬೇಕು, ಲೋಟ ಎಲ್ಲರಿಗೂ ಒಂದೇ ಸಾಲಿನಲ್ಲಿರಬೇಕು. ಹರವಿಯ ಕೆಳಗೆ ಒದ್ದೆ ಉಸುಕು, ಸುತ್ತ ಒದ್ದೆ ಗೋಣಿ. ದಿನಾ ತಿಕ್ಕಿ ತೊಳೆದು ಎರಡು ಸಲ ತುಂಬುವವರ ಹೆಸರು ನೋಟ್‌ಬುಕ್ಕಿನಲ್ಲಿರಲಿ. ಉದ್ಘಾಟನೆಗೆ ಹತ್ತು ಜನ ಸಿಗುತ್ತಾರೆ, ಮೇ 15ಕ್ಕೆ ಹರವಿ ತೊಳೆಯಲು ಒಬ್ಬರೂ ಸಿಗುವುದಿಲ್ಲ.

ನೆರಳಿಗೆ ತಾಡಪಾಲು ಕಟ್ಟುವ ಮುಂಚೆ ಒಂದು ಮಧ್ಯಾಹ್ನ 2ರಿಂದ 4 ಅಲ್ಲೇ ನಿಂತು ನೋಡಿ. ಬೆಳಿಗ್ಗೆ 10ಕ್ಕೆ ನೆರಳಿದ್ದ ಜಾಗ 3ಕ್ಕೆ ಬಿಸಿಲಲ್ಲಿರುತ್ತದೆ. ಪಡುವಣ ದಿಕ್ಕಿಗೆ ಪರದೆ ಇಳಿಬಿಡದಿದ್ದರೆ ಮೇಲಿನ ತಾಡಪಾಲು ಇದ್ದೂ ಇಲ್ಲದಂತೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳದ್ದೇ ಪ್ರತಿನಿಧಿಗಳು ಇರಬೇಕು. ನೆರಳು, ನೀರು, ಶೌಚಾಲಯದ ಬೇಡಿಕೆಯನ್ನು ಅವರ ಮೂಲಕವೇ ಆ ಸಭೆಗೆ ಹಾಕಿಸಿ.

ಹಂತ 5: ಕೆಲಸದ ವೇಳೆ

ಇಲ್ಲಿ ಜಗಳ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಮೇಸ್ತ್ರಿಗೆ, ಗುತ್ತಿಗೆದಾರರಿಗೆ ಕೇಳಬೇಕಾದ್ದು ಸರಳ: ಬೆಳಿಗ್ಗೆ 6ರಿಂದ 11, ಸಂಜೆ 4ರಿಂದ 7, ಕೂಲಿ ಅಷ್ಟೇ. ದಿನಗೂಲಿಯವರಿಗೆ ಇದು ನಡೆಯುತ್ತದೆ. ಇಷ್ಟು ಇಟ್ಟಿಗೆಗೆ ಇಷ್ಟು ರೂಪಾಯಿ ಅನ್ನುವ ಲೆಕ್ಕದವರು ಮಾತ್ರ ತಾವೇ ನಿಲ್ಲುವುದಿಲ್ಲ. ನಿಂತ ನಿಮಿಷಕ್ಕೆ ದುಡ್ಡಿಲ್ಲ ಅಲ್ವಾ. ಅವರಿಗೆ ನೆರಳಲ್ಲಿ ತಾಸಿಗೊಮ್ಮೆ ಹತ್ತು ನಿಮಿಷವನ್ನು ಮೇಸ್ತ್ರಿಯೇ ಕೂಗಿ ಕೊಡಿಸಬೇಕು. ಕಟ್ಟಡ ಕೆಲಸದ ಜಾಗದಲ್ಲಿ ಕುಡಿಯುವ ನೀರು ಇಡಬೇಕು, ಅದು ಶೌಚಾಲಯ, ಬಚ್ಚಲಿನಿಂದ ಕನಿಷ್ಠ 6 ಮೀಟರ್ ದೂರ ಇರಬೇಕು ಎಂದು 1996ರಷ್ಟು ಹಿಂದೆಯೇ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು. ಹೊಸ ಬೇಡಿಕೆ ಏನಲ್ಲ, ನೆನಪಿಸಿದರೆ ಸಾಕು.

ಹೊಸಬರ ಮೇಲೆ ವಿಶೇಷ ಕಣ್ಣಿರಲಿ. ಬಿಸಿಲಿಗೆ ಮೈ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಊರಿಂದ ನಿನ್ನೆ ಬಂದ ಹುಡುಗ, ಜ್ವರ ಬಂದು ರಜೆ ಮುಗಿಸಿ ಬಂದವರು, ಇವರಿಗೆ ಮೊದಲ ದಿನ ಪೂರ್ತಿ ಕೆಲಸ ಕೊಡಬಾರದು. ದಿನದಿನಕ್ಕೆ ಏರಿಸುತ್ತಾ ಹೋಗಬೇಕು.

ಹಾಗೆಯೇ ನಿಮ್ಮ ಮನೆಗೆ ಬರುವವರು. ಮನೆಗೆಲಸದ ಅಕ್ಕ ಮಧ್ಯಾಹ್ನ 2ಕ್ಕೆ ತಾರಸಿಯಲ್ಲಿ ಬಟ್ಟೆ ಹರವುವುದನ್ನು ಬೆಳಿಗ್ಗೆಗೆ ಬದಲಿಸಲು ಯಾವ ಇಲಾಖೆಯ ಅನುಮತಿಯೂ ಬೇಡ. ಊಟ ತಂದ ಡೆಲಿವರಿ ಹುಡುಗನನ್ನು ಗೇಟಿನ ಹೊರಗೆ ಬಿಸಿಲಲ್ಲಿ ನಿಲ್ಲಿಸದಿರಲು, ಲಿಫ್ಟ್ ಹತ್ತಬೇಡ ಅನ್ನದಿರಲು ಸುತ್ತೋಲೆ ಬೇಕಾ? ನಿಮ್ಮ ಎಸಿಯ ಹೊರಗಿನ ಪೆಟ್ಟಿಗೆ ಯಾರ ಕಿಟಕಿಗೆ ಬಿಸಿಗಾಳಿ ಊದುತ್ತಿದೆ, ಒಮ್ಮೆ ಹೋಗಿ ನೋಡಿ.

ಹಂತ 6: ಒಂದು ತಂಪು ಕೋಣೆ

ಶಾಲೆ, ಸಮುದಾಯ ಭವನ, ಗುಡಿ, ದರ್ಗಾ, ಚರ್ಚ್, ವಿಹಾರ, ದಪ್ಪ ಗೋಡೆಯ ಯಾವುದಾದರೂ ಒಂದು. ಫ್ಯಾನು, ನೀರು, ಶೌಚಾಲಯ ಇರಬೇಕು. ಮಧ್ಯಾಹ್ನ 12ರಿಂದ 5 ತೆರೆದಿರಬೇಕು, ಕೆಂಪು ದಿನ ರಾತ್ರಿಯೂ. ಕೀಲಿ ಯಾರ ಹತ್ತಿರ ಇರುತ್ತದೆ ಅನ್ನುವುದನ್ನು ಮಾರ್ಚಿನಲ್ಲೇ ತೀರ್ಮಾನಿಸಿ. ಹೆಂಗಸರಿಗೆ, ಕೂಸಿಗೆ ಹಾಲುಣಿಸುವವರಿಗೆ ಒಂದು ಮೂಲೆಗೆ ಪರದೆ ಕಟ್ಟಿ. ಒಳಗೆ ಬಂದವರನ್ನು ಯಾರು, ಯಾವ ಓಣಿ, ಯಾವ ಜನ ಅಂತ ಕೇಳಬಾರದು. ಕೇಳುವವರು ಇದ್ದೇ ಇರುತ್ತಾರೆ ಅಂತಾದರೆ ಬೇರೆ ಕಟ್ಟಡ ಹುಡುಕಿ.

ಫ್ಯಾನಿನ ಬಗ್ಗೆ ಒಂದು ಮಾತು. ಒಳಗೆ 40 ದಾಟಿದರೆ ಬರೀ ಫ್ಯಾನು ಬಿಸಿಗಾಳಿಯನ್ನೇ ಮೈಮೇಲೆ ಊದುತ್ತದೆ. ಮೈ ಒದ್ದೆ ಮಾಡಿಕೊಂಡು ಕೂತರೆ ಉಪಯೋಗ. ಒಣ ಹವೆಯ ಊರಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಕರಾವಳಿಯಲ್ಲಿ ಅಷ್ಟಕ್ಕಷ್ಟೆ.

ಹಂತ 7: ಬಾಗಿಲು ತಟ್ಟುವವರು

1995ರ ಜುಲೈನಲ್ಲಿ ಅಮೆರಿಕದ ಶಿಕಾಗೊದಲ್ಲಿ ಬಿಸಿಲಿನ ಕೆಲವೇ ದಿನಗಳಲ್ಲಿ 739 ಸಾವು ಜಾಸ್ತಿಯಾದವು. ಎಷ್ಟೋ ಜನ ಒಬ್ಬರೇ ಇದ್ದ ಮುದುಕರು, ಮುಚ್ಚಿದ ಬಾಗಿಲ ಹಿಂದೆ. 2003ರಲ್ಲಿ ಫ್ರಾನ್ಸಿನಲ್ಲಿ ಸತ್ತವರು ಸುಮಾರು 15,000. ಅಲ್ಲೂ ವಯಸ್ಸಾದವರೇ ಹೆಚ್ಚು. ದುಡ್ಡಿದ್ದ ದೇಶಗಳಲ್ಲೇ ಹೀಗಾಯಿತು, ಯಾಕೆಂದರೆ ಬಾಗಿಲು ತಟ್ಟುವವರಿರಲಿಲ್ಲ.

ನಿಮ್ಮ ಪಟ್ಟಿಯಲ್ಲಿ ಗುರುತು ಹಾಕಿದ ಮನೆಗಳನ್ನು ಒಬ್ಬೊಬ್ಬರಿಗೆ ನಾಲ್ಕೈದರಂತೆ ಹಂಚಿ. ಕೆಂಪು ದಿನ ಎರಡು ಸಲ ಹೋಗಬೇಕು, ಮಧ್ಯಾಹ್ನ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ. ಫೋನ್ ಮಾಡಿದರೆ ಮುದುಕರು "ಆರಾಮ್ ಇದೀನಪಾ" ಅಂದುಬಿಡುತ್ತಾರೆ, ಹೋಗಿಯೇ ನೋಡಬೇಕು. ಕೇಳಬೇಕಾದ್ದು ಮೂರು: "ಅಜ್ಜಿ, ಬೆಳಿಗ್ಗೆಯಿಂದ ಮೂತ್ರಕ್ಕೆ ಎಷ್ಟು ಸಲ ಹೋದಿ? ಏನು ಉಂಡಿ? ರಾತ್ರಿ ನಿದ್ದೆ ಬಂತಾ?" ಮೊದಲನೆಯದಕ್ಕೆ ಉತ್ತರ "ಇಲ್ಲ" ಆಗಿದ್ದರೆ ಅಲ್ಲೇ ಕೂತು ಮಜ್ಜಿಗೆ ಕುಡಿಸಿ ಬನ್ನಿ. ಓಣಿಯ ಆಶಾ ಕಾರ್ಯಕರ್ತೆಗೆ ಈ ಪಟ್ಟಿಯ ಒಂದು ಪ್ರತಿ ಕೊಡಿ, ಕೆಲಸ ಮಾತ್ರ ಪೂರ್ತಿ ಅವರ ತಲೆಗೆ ಕಟ್ಟಬೇಡಿ. ಅವರೂ ಅದೇ ಬಿಸಿಲಲ್ಲಿ ತಿರುಗುವವರು.

ಹಂತ 8: ಬಿಸಿಲು ಬಡಿದಾಗ

ತಲೆ ಸುತ್ತು, ವಾಕರಿಕೆ, ಕೈಕಾಲು ಸೆಳೆತ, ವಿಪರೀತ ಬೆವರು, ಸುಸ್ತು. ಇಷ್ಟೇ ಇದ್ದು ಮಾತು ಸರಿ ಇದ್ದರೆ ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈ ಒರೆಸಿ, ಗುಟುಕು ಗುಟುಕಾಗಿ ಓಆರ್‌ಎಸ್ ಕೊಡಿ. ಒಂದು ದೊಡ್ಡ ಪ್ಯಾಕೆಟ್ ಒಂದು ಲೀಟರ್‌ಗೆ, ಅರ್ಧ ಮಾಡಬೇಡಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹಾಕಿದ ತೆಳ್ಳನೆ ಮಜ್ಜಿಗೆ, ಅಂಬಲಿ ಕೂಡ ಒಳ್ಳೆಯದೇ. ಕಿಡ್ನಿ, ಹೃದಯದ ತೊಂದರೆ ಇರುವವರು ಎಷ್ಟು ಕುಡಿಯಬಹುದು ಅಂತ ವೈದ್ಯರನ್ನು ಮೊದಲೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಮಾತು ತಡವರಿಸಿದರೆ, ಎಲ್ಲಿದ್ದೇನೆ ಅಂತ ತಿಳಿಯದಿದ್ದರೆ, ಸುಮ್ನೆ ಸಿಟ್ಟಿಗೆದ್ದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಅದು ಹೀಟ್ ಸ್ಟ್ರೋಕ್. ಮೈ ಒಳಗಿನ ಬಿಸಿ 40 ಡಿಗ್ರಿ ದಾಟಿರುತ್ತದೆ. ಬೆವರು ನಿಂತಿರಲೇಬೇಕು ಅಂತೇನಿಲ್ಲ, ದುಡಿಯುವಾಗ ಬಿದ್ದವರ ಮೈ ಒದ್ದೆಯಾಗಿಯೇ ಇರಬಹುದು. ಕುಡಿದಿದ್ದಾನೆ ಅಂತ ರಸ್ತೆ ಬದಿ ಬಿಟ್ಟು ಹೋಗುವುದು ಇಂಥವರನ್ನೇ.

ಒಬ್ಬರು 108ಕ್ಕೆ ಫೋನ್ ಮಾಡಲಿ. ಉಳಿದವರು ಅಂಬುಲೆನ್ಸ್‌ಗೆ ಕಾಯದೆ ಆಗಲೇ ತಣಿಸಲು ಶುರು ಮಾಡಿ. ಕೊಡಗಟ್ಟಲೆ ನೀರು ಮೈಮೇಲೆ ಹಾಕಿ, ಒದ್ದೆ ಬೆಡ್‌ಶೀಟ್ ಹೊದಿಸಿ ಗಾಳಿ ಬೀಸಿ, ಶೀಟ್ ಬಿಸಿಯಾದಂತೆ ಮತ್ತೆ ಒದ್ದೆ ಮಾಡಿ. ಕತ್ತು, ಕಂಕುಳು, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಗಟ್ಟಿ ಮೈಯ ದುಡಿಯುವ ವಯಸ್ಸಿನವರಾದರೆ, ದೊಡ್ಡ ಟಬ್ ಸಿಕ್ಕರೆ, ತಲೆ ಹಿಡಿದುಕೊಂಡು ಕತ್ತಿನ ತನಕ ತಣ್ಣೀರಿನಲ್ಲಿ ಕೂರಿಸುವುದು ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಉಳ್ಳಾಗಡ್ಡಿ ಉಜ್ಜುವುದು ನಮ್ಮ ಹಿರಿಯರ ಕೈಮದ್ದು, ಉಜ್ಜುವವರು ಉಜ್ಜಲಿ, ನೀರು ಹಾಕುವ ಕೈ ಮಾತ್ರ ನಿಲ್ಲಬಾರದು.

ಯಾರ ಮನೆಯ ಫ್ರಿಜ್ಜಿನಲ್ಲಿ ಐಸ್ ಇರುತ್ತದೆ, ಯಾರ ಹತ್ತಿರ ದೊಡ್ಡ ಟಬ್ ಇದೆ, ರಾತ್ರಿ ಯಾರ ಆಟೋ ಸಿಗುತ್ತದೆ: ಈ ಮೂರು ಹೆಸರು ನೋಟ್‌ಬುಕ್ಕಿನ ಮೊದಲ ಪುಟದಲ್ಲಿರಬೇಕು.

ಹಂತ 9: ಅರ್ಜಿ

ಪಾಲಿಕೆಗೆ "ಬಿಸಿಲಿನಿಂದ ರಕ್ಷಿಸಿ" ಅಂತ ಬರೆದರೆ ಫೈಲು ಮಲಗುತ್ತದೆ. ಸಣ್ಣದಾಗಿ, ಅಳೆಯುವಂತೆ ಕೇಳಿ. ನಮ್ಮ ಓಣಿಯಲ್ಲಿ ಇಷ್ಟು ಪತ್ರಾಸ್ ಮನೆ, ರಾತ್ರಿ 10ಕ್ಕೆ ಒಳಗೆ ಇಷ್ಟು ಡಿಗ್ರಿ, ಲೆಕ್ಕದ ಹಾಳೆ ಲಗತ್ತಿಸಿದೆ. ಕೆಂಪು ದಿನಗಳಂದು ಟ್ಯಾಂಕರ್ ಬೆಳಿಗ್ಗೆ 9ರೊಳಗೆ ಬರಲಿ. ರಿಪೇರಿಗೆಂದು ಕರೆಂಟ್ ತೆಗೆಯುವುದು ಮಧ್ಯಾಹ್ನ, ರಾತ್ರಿ ಬೇಡ. ಅಂಗನವಾಡಿಯ ಸೂರಿಗೆ ಮಾರ್ಚ್ ಮುಗಿಯುವುದರೊಳಗೆ ಬಿಳಿ ಪೇಂಟ್ ಆಗಲಿ. ನಗರ ಆರೋಗ್ಯ ಕೇಂದ್ರದಲ್ಲಿ ಐಸ್, ಓಆರ್‌ಎಸ್ ಇರಲಿ. ಒಂದು ಅರ್ಜಿಗೆ ಒಂದೇ ಬೇಡಿಕೆ. ಸ್ವೀಕೃತಿ ಸೀಲ್ ಹಾಕಿಸದೆ ಕಿಟಕಿ ಬಿಟ್ಟು ಬರಬೇಡಿ.

ದುಡ್ಡಿಲ್ಲ ಅಂದರೆ ಹೇಳಲು ಒಂದು ಮಾತು ಗೊತ್ತಿರಲಿ. ರಾಜ್ಯಗಳು ತಾವು ಗುರುತಿಸಿದ ಸ್ಥಳೀಯ ವಿಪತ್ತಿಗೆ ರಾಜ್ಯ ವಿಪತ್ತು ನಿಧಿಯ ಶೇ. 10ರವರೆಗೆ ಖರ್ಚು ಮಾಡಬಹುದು. ತಮಿಳುನಾಡು 2024ರಲ್ಲಿ ಬಿಸಿಗಾಳಿಯನ್ನು ಹಾಗೆ ಸೇರಿಸಿಕೊಂಡಿದೆ.

ಹಂತ 10: ಜೂನ್. ಲೆಕ್ಕ

ಬಿಸಿಲಿನಿಂದ ಸತ್ತವರ ಸರ್ಟಿಫಿಕೇಟಿನಲ್ಲಿ ಬಿಸಿಲು ಅಂತ ಬರೆದಿರುವುದು ಅಪರೂಪ. ಹೃದಯಾಘಾತ, ವಯೋಸಹಜ, ಕಿಡ್ನಿ ವೈಫಲ್ಯ ಅಂತಿರುತ್ತದೆ. ಅಹಮದಾಬಾದಿನ 1,344 ಕೂಡ ಸರ್ಟಿಫಿಕೇಟಿನಿಂದ ಸಿಕ್ಕ ಸಂಖ್ಯೆ ಅಲ್ಲ, ಬೇರೆ ವರ್ಷಗಳ ಮೇ ತಿಂಗಳ ಸಾವಿನ ಜೊತೆ ಹೋಲಿಸಿದಾಗ ಸಿಕ್ಕದ್ದು. ನೀವೂ ಹಾಗೇ ಮಾಡಿ. ಏಪ್ರಿಲ್, ಮೇ ತಿಂಗಳಲ್ಲಿ ಓಣಿಯಲ್ಲಿ ತೀರಿಕೊಂಡವರನ್ನು ಬರೆದಿಡಿ: ವಯಸ್ಸು, ಸೂರು, ಕೆಲಸ, ಹಿಂದಿನ ರಾತ್ರಿ ಮನೆಯೊಳಗಿನ ಡಿಗ್ರಿ. ದುಃಖದ ಮನೆಗೆ ಅವತ್ತೇ ನೋಟ್‌ಬುಕ್ ಹಿಡಿದು ಹೋಗಬೇಡಿ, ಹದಿಮೂರು ದಿನ ಕಳೆಯಲಿ. ಕೆಲಸದ ಜಾಗದಲ್ಲಿ ಬಿದ್ದು ಸತ್ತರೆ ಮಾತ್ರ ಬೇರೆ ಮಾತು. ಮರಣೋತ್ತರ ಪರೀಕ್ಷೆ ಆಗಲೇಬೇಕು, ಮೈ ಮುಟ್ಟಿದಾಗ ಎಷ್ಟು ಬಿಸಿ ಇತ್ತು ಅನ್ನುವುದು ಪೊಲೀಸ್ ಪಂಚನಾಮೆಯಲ್ಲಿ ಬರಬೇಕು. ಇಲ್ಲದಿದ್ದರೆ ಆ ಕುಟುಂಬಕ್ಕೆ ಆಮೇಲೆ ಕೇಳಲು ಕಾಗದವೇ ಇರುವುದಿಲ್ಲ.

ಮುಂಗಾರು ಬಿದ್ದ ವಾರ ಬೇವು, ಹೊಂಗೆ ಹಚ್ಚಿ. ಎಲ್ಲಿ ಅಂತ ಯೋಚಿಸಬೇಕಿಲ್ಲ, ಮಧ್ಯಾಹ್ನ 3ಕ್ಕೆ ನೆರಳಿಲ್ಲದ ಜಾಗಗಳ ಪಟ್ಟಿ ಆಗಲೇ ನಿಮ್ಮ ಹತ್ತಿರ ಇದೆ. ಅದೇ ಮಳೆಗೆ ಸೂರಿನ ಸುಣ್ಣ ಅರ್ಧ ತೊಳೆದು ಹೋಗಿರುತ್ತದೆ. ಎಷ್ಟು ಕೆಜಿ ಹಿಡಿಯಿತು, ಎಷ್ಟು ಖರ್ಚಾಯಿತು, ಯಾವ ಮಾಲೀಕರು ಒಪ್ಪಲಿಲ್ಲ, ಕೊನೆಯ ಪುಟದಲ್ಲಿ ಬರೆದು ಥರ್ಮಾಮೀಟರ್‌ಗಳ ಸೆಲ್ ಬಿಚ್ಚಿಡಿ. ಫೆಬ್ರವರಿಗೆ ಹೊಸ ಸೆಲ್ ಬೇಕಾಗುತ್ತದೆ.